ಜೀವಕೋಶದ ಕತ್ತರಿ ಮತ್ತು ಬೆಸುಗೆ

ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಘಟಪ್ರಭಾ ನದಿಯು ಸುಮಾರು 52 ಮೀಟರು ಎತ್ತರದ ಬಂಡೆಯಿಂದ ಕೆಳಕ್ಕೆ ಧುಮುಕುತ್ತದೆ. ಆ ನೀರಿನ ಬಲವನ್ನು ನೆಚ್ಚಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಹತ್ತಿ ನೂಲಿನ ಗಿರಣಿಯೊಂದು ಸ್ಥಾಪಿತವಾಯಿತು. ನೂಲಿನ ಗಿರಣಿಯ ಕೆಲಸವನ್ನು ಕಂಡವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಕದಿರಿನಿಂದ ಬಂದ ನೂಲು ಇದ್ದಂತೆಯೇ ಮಗ್ಗಕ್ಕೆ ಯೋಗ್ಯವಾಗಿರುವುದಿಲ್ಲ. ಅಲ್ಲಲ್ಲಿ ದಪ್ಪನೆಯ ಗಂಟು, ಅಲ್ಲಲ್ಲಿ ತೀರ ತೆಳುವಾದ ಎಳೆ. ನೂಲನ್ನು ದೊಡ್ಡ ಉಂಡೆಗಳಾಗಿ ಸುತ್ತುವಾಗ ಅಂತಹ ಭಾಗಗಳನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಮತ್ತೆ ಒಂದಾಗಿ ಹೊಸೆಯಬೇಕಾಗುತ್ತದೆ. ಈ ಕತ್ತರಿಸಿ ಜೋಡಿಸುವ ಕ್ರಿಯೆಗೆ ಗಿರಣಿಯವರು ‘ಸ್ಪ್ಲೈಸಿಂಗ್’ ಎನ್ನುತ್ತಾರೆ.

ಇನ್ನು ಗಿರಣಿಯನ್ನು ಬಿಟ್ಟು ಹೊಲಕ್ಕೆ ಹೋಗೋಣ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲ್ಲೂಕುಗಳಲ್ಲಿಯೂ ಕಬ್ಬು ಮುಖ್ಯ ಬೆಳೆ. ರೈತನು ಕಬ್ಬಿನ ಬೀಜವನ್ನು ಬಿತ್ತುವುದಿಲ್ಲ. ಗೆಣ್ಣುಳ್ಳ ತುಂಡುಗಳನ್ನು ಸಾಲಿನಲ್ಲಿ ಊರುತ್ತಾನೆ. ಗೆಣ್ಣಿನ ಮೇಲಿರುವ ಒಂದು ಚಿಕ್ಕ ಕಣ್ಣಿನಿಂದ ಬೇರು, ಕಾಂಡ, ಗರಿ, ಎಲ್ಲವೂ ಮೂಡಿ ಪೂರ್ಣವಾದ ಒಂದು ಗಿಡವೇ ಏಳುತ್ತದೆ. ಕಟಾವಾದ ಮೇಲೂ ಬುಡದ ಕಣ್ಣುಗಳು ಚಿಗುರಿ ಕೂಳೆ ಬೆಳೆ ಬರುತ್ತದೆ. ಆ ಕಣ್ಣಿನೊಳಗೆ, ತಾನು ಇನ್ನೂ ಏನೂ ಆಗದೆ, ಮುಂದೆ ಎಲ್ಲವನ್ನೂ ಹುಟ್ಟಿಸಬಲ್ಲ ಕೋಶಗಳಿವೆ. ಪತ್ರಿಕೆಗಳಲ್ಲಿ ‘ಸ್ಟೆಮ್ ಸೆಲ್’ ಎಂದು ಬರುವ ಇವನ್ನು ನಾವು ಆಕರಕೋಶಗಳೆಂದು ಕರೆಯೋಣ.

ನೂಲಿನ ಬೆಸುಗೆ, ಕಬ್ಬಿನ ಕಣ್ಣು, ಈ ಎರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ದೇಹದ ಕೋಶಗಳ ಕೇಂದ್ರದಲ್ಲಿ ನೂಲಿನ ಬೆಸುಗೆಯಂತಹ ಕ್ರಿಯೆಯೊಂದು ನಡೆಯುತ್ತಿದೆ. ಅದಕ್ಕೂ ಹೆಸರು ಸ್ಪ್ಲೈಸಿಂಗ್ ಎಂದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ ಸಂಶೋಧನೆ ನಡೆಸಿದ ಉಷಾ ವಿಜಯರಾಘವನ್ ಎಂಬ ಅಣುಜೀವವಿಜ್ಞಾನಿಯು ಈ ಬೆಸುಗೆಯನ್ನೂ, ಸಸ್ಯದ ಕುಡಿಯಲ್ಲಿರುವ ಆಕರಕೋಶಗಳ ನಡತೆಯನ್ನೂ ಒಂದೇ ಪ್ರಯೋಗಶಾಲೆಯಲ್ಲಿ ದಶಕಗಳ ಕಾಲ ಅಭ್ಯಾಸ ಮಾಡಿದರು. ಅವರ ಕೆಲಸವನ್ನು ಹಿಡಿದುಕೊಂಡು ಈ ಎರಡು ವಿಷಯಗಳನ್ನೂ, ನಮ್ಮ ಮನೆಗಳ ಮಕ್ಕಳ ಆರೋಗ್ಯಕ್ಕೆ ಅವುಗಳಿಂದ ಆಗಬಹುದಾದ ಉಪಯೋಗವನ್ನೂ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ತುಂಡು ತುಂಡಾದ ಬರಹ

ಪ್ರಾಣಿಯ ಅನುವಂಶಿಕ ಗುಣಗಳೆಲ್ಲ ಡಿ.ಎನ್.ಎ. ಎಂಬ ನೀಳವಾದ ಅಣುವಿನಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಿರುತ್ತವೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ ಸರಿ. ಈ ಬರಹದ ಒಂದೊಂದು ಅಧ್ಯಾಯಕ್ಕೆ ಜೀನು ಎಂದು ಹೆಸರು. ಕೋಶವು ಬೇಕಾದ ಜೀನನ್ನು ಆರ್.ಎನ್.ಎ. ಎಂಬ ಇನ್ನೊಂದು ಅಣುವಿನ ರೂಪದಲ್ಲಿ ನಕಲು ಮಾಡಿಕೊಳ್ಳುತ್ತದೆ. ಆ ನಕಲು ಕೋಶಕೇಂದ್ರದಿಂದ ಹೊರಗೆ ಬಂದು ಪ್ರೋಟೀನಿನ ತಯಾರಿಕೆಗೆ ಆಜ್ಞೆಯಾಗುತ್ತದೆ.

1977ರವರೆಗೆ ವಿಜ್ಞಾನಿಗಳು ಜೀನು ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ ಬರೆದ ಬರಹವೆಂದೇ ಭಾವಿಸಿದ್ದರು. ಬ್ಯಾಕ್ಟೀರಿಯಗಳಲ್ಲಿ ಅದು ಹಾಗೆಯೇ ಕಂಡುಬಂದಿತ್ತು. ಆ ವರ್ಷ ಅಮೆರಿಕದಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಇವರ ಎರಡು ತಂಡಗಳು ಬೇರೆ ಬೇರೆಯಾಗಿ ಅಡಿನೋ ವೈರಸ್ಸಿನ ಆರ್.ಎನ್.ಎ.ಯನ್ನು ಅದರ ಮೂಲ ಡಿ.ಎನ್.ಎ.ಯೊಂದಿಗೆ ಜೋಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದುವು. ಎರಡೂ ಸರಿಯಾಗಿ ಹೊಂದಿಕೊಳ್ಳಬೇಕಾಗಿದ್ದಲ್ಲಿ, ಡಿ.ಎನ್.ಎ.ಯ ಕೆಲವು ಭಾಗಗಳು ಜೊತೆಗಾಣದೆ ಕುಣಿಕೆಗಳಂತೆ ಹೊರಕ್ಕೆ ಚಾಚಿಕೊಂಡಿದ್ದುವು. ಎಂದರೆ, ಮೂಲದಲ್ಲಿದ್ದ ಆ ಭಾಗಗಳು ಅಂತಿಮ ಆಜ್ಞೆಯಲ್ಲಿ ಇರಲಿಲ್ಲ! ಮೊದಲು ಉದ್ದವಾದ ನಕಲು ತಯಾರಾಗಿ, ಅನಂತರ ನಡುವಿನ ತುಂಡುಗಳು ಕತ್ತರಿಸಲ್ಪಟ್ಟು, ಉಳಿದುವು ಬೆಸೆದುಕೊಳ್ಳುತ್ತವೆಂದು ಆಗ ತಿಳಿಯಿತು. ಈ ಸಂಶೋಧನೆಗೆ 1993ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಉಳಿಯುವ ತುಂಡುಗಳಿಗೆ ಎಕ್ಸಾನ್ ಎಂದೂ ಕತ್ತರಿಸಿಹೋಗುವ ತುಂಡುಗಳಿಗೆ ಇಂಟ್ರಾನ್ ಎಂದೂ 1978ರಲ್ಲಿ ವಾಲ್ಟರ್ ಗಿಲ್ಬರ್ಟ್ ಹೆಸರಿಟ್ಟರು.

ಒಂದು ಉದಾಹರಣೆಯನ್ನು ನೋಡೋಣ. ನಮ್ಮ ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹೀಮೋಗ್ಲೋಬಿನ್ನಿನ ಒಂದು ಅಂಶ ಬೀಟಾ ಗ್ಲೋಬಿನ್. ಇದರ ಜೀನಿನ ಉದ್ದ ಸುಮಾರು 1,600 ಅಕ್ಷರಗಳು. ಇದರಲ್ಲಿ ಮೂರು ಎಕ್ಸಾನ್‌ಗಳು, ಎರಡು ಇಂಟ್ರಾನ್‌ಗಳು. ಮೊದಲನೆಯ ಇಂಟ್ರಾನ್ 130 ಅಕ್ಷರಗಳದು, ಎರಡನೆಯದು 850 ಅಕ್ಷರಗಳದು. ಎಂದರೆ ಬರೆದದ್ದರಲ್ಲಿ ಅರ್ಧಕ್ಕಿಂತಲೂ ಹೆಚ್ಚು ಭಾಗ ಕತ್ತರಿಗೆ ಹೋಗುತ್ತದೆ! ಇದು ಚಿಕ್ಕ ಜೀನಿನ ಮಾತು. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಜೀನು ಸುಮಾರು 22 ಲಕ್ಷ ಅಕ್ಷರಗಳಷ್ಟು ಉದ್ದ. ಕತ್ತರಿಸಿ ಬೆಸೆದ ಮೇಲೆ ಉಳಿಯುವುದು ಸುಮಾರು 14,000 ಮಾತ್ರ.

ಜೀರುಕುಣಿಕೆ

ಕತ್ತರಿ ಎಲ್ಲಿ ಬೀಳಬೇಕೆಂಬುದು ಹೇಗೆ ತಿಳಿಯುತ್ತದೆ? ಇಂಟ್ರಾನಿನ ಎರಡು ತುದಿಗಳಲ್ಲಿಯೂ ಗಡಿಕಲ್ಲುಗಳಂತಹ ಗುರುತುಗಳಿವೆ. ಬಹುಮಟ್ಟಿಗೆ ಎಲ್ಲ ಇಂಟ್ರಾನ್‌ಗಳೂ ಆರ್.ಎನ್.ಎ.ಯ ಭಾಷೆಯಲ್ಲಿ ‘ಜಿ, ಯು’ ಎಂಬ ಅಕ್ಷರಗಳಿಂದ ಆರಂಭವಾಗಿ ‘ಎ, ಜಿ’ ಎಂಬುವುಗಳಿಂದ ಮುಗಿಯುತ್ತವೆ. ಈ ಅಕ್ಷರಗಳ ಅಕ್ಕಪಕ್ಕದವೂ ಗುರುತಿನ ಅಂಗಗಳೇ. ಇವನ್ನು ಓದಿ ಕೆಲಸ ಮಾಡುವ ಯಂತ್ರಕ್ಕೆ ಸ್ಪ್ಲೈಸಿಯೋಸೋಮ್ ಎಂದು ಹೆಸರು. ಐದು ಚಿಕ್ಕ ಆರ್.ಎನ್.ಎ.ಗಳೂ ನೂರಕ್ಕೆ ಮಿಗಿಲಾದ ಪ್ರೋಟೀನುಗಳೂ ಸೇರಿ ಇದು ರಚಿತವಾಗಿದೆ. ಪ್ರತಿಯೊಂದು ಇಂಟ್ರಾನಿನ ಮೇಲೆಯೂ ಇದು ಹೊಸದಾಗಿ ಕೂಡಿಕೊಂಡು, ಕೆಲಸ ಮುಗಿದೊಡನೆ ಬಿಡಿಬಿಡಿಯಾಗುತ್ತದೆ.

ಕೆಲಸ ನಡೆಯುವುದು ಎರಡು ಹೆಜ್ಜೆಗಳಲ್ಲಿ. ಮೊದಲನೆಯ ಹೆಜ್ಜೆಯಲ್ಲಿ ಇಂಟ್ರಾನಿನ ಆರಂಭದ ತುದಿ ಕತ್ತರಿಸಲ್ಪಟ್ಟು, ಅದರ ಒಳಭಾಗದ ಒಂದು ‘ಎ’ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಆಗ ಅದರ ಆಕಾರ, ದನವನ್ನು ಹಿಡಿಯಲು ಹಗ್ಗಕ್ಕೆ ಹಾಕುವ ಜೀರುಕುಣಿಕೆಯಂತೆ ಆಗುತ್ತದೆ. ಎರಡನೆಯ ಹೆಜ್ಜೆಯಲ್ಲಿ ಇನ್ನೊಂದು ತುದಿಯೂ ಕತ್ತರಿಸಲ್ಪಟ್ಟು, ಎರಡು ಎಕ್ಸಾನ್‌ಗಳು ಬೆಸೆದುಕೊಳ್ಳುತ್ತವೆ. ಕುಣಿಕೆ ಕಳಚಿ ಬೀಳುತ್ತದೆ.

ಕೆಡಿಸಿ ತಿಳಿಯುವ ವಿದ್ಯೆ

ಇಷ್ಟು ಜಟಿಲವಾದ ಯಂತ್ರದಲ್ಲಿ ಯಾವ ಅಂಗ ಯಾವ ಕೆಲಸ ಮಾಡುತ್ತದೆಂದು ಅರಿಯುವ ಬಗೆ ಹೇಗೆ? ಗಿರಣಿಯಲ್ಲಿ ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ದಿನ ರಜೆ ಕೊಟ್ಟು ಎಲ್ಲಿ ಕೆಲಸ ನಿಂತಿತೆಂದು ನೋಡಿದರೆ, ಅವನ ಕೆಲಸವೇನೆಂಬುದು ತಿಳಿಯುತ್ತದೆಯಷ್ಟೆ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ಎಂಬ ಏಕಕೋಶ ಜೀವಿಯಲ್ಲಿ ಇಂತಹ ಪರೀಕ್ಷೆಯನ್ನು ಸುಲಭವಾಗಿ ಮಾಡಬಹುದು. ಅದರ ಸುಮಾರು 6,000 ಜೀನುಗಳ ಪೈಕಿ ನೂರಕ್ಕೆ ಐದರಷ್ಟರಲ್ಲಿ ಮಾತ್ರ ಇಂಟ್ರಾನ್‌ಗಳಿದ್ದರೂ, ಬೆಸುಗೆಯ ಯಂತ್ರದ ಮೂಲರಚನೆ ನಮ್ಮದರಂತೆಯೇ ಇದೆ.

1980ರ ದಶಕದಲ್ಲಿ ಉಷಾ ವಿಜಯರಾಘವನ್ ಅವರು ಅಮೆರಿಕದ ಕ್ಯಾಲಿಫೋರ್ನಿಯ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಜಾನ್ ಅಬೆಲ್ಸನ್ನರ ಪ್ರಯೋಗಶಾಲೆಯಲ್ಲಿದ್ದರು. 1986ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಲೇಖನದ ಸಾರಾಂಶವಿದು: ಇಂಟ್ರಾನಿನ ಗುರುತಿನ ಅಕ್ಷರಗಳನ್ನು ಬದಲಿಸಿದರೆ, ಯಂತ್ರವು ಕೂಡಿಕೊಳ್ಳುವುದರಿಂದ ಹಿಡಿದು ಬೆಸುಗೆಯವರೆಗೆ ಒಂದಲ್ಲ ಒಂದು ಘಟ್ಟದಲ್ಲಿ ಕೆಲಸ ಕೆಡುತ್ತದೆ. ಮುಂದೆ 1989ರಲ್ಲಿ ಅವರು ಯಂತ್ರದ ಅಂಗಗಳನ್ನೇ ಹುಡುಕಲು ಹೊರಟರು. ತಂಪಿನಲ್ಲಿ ಸರಿಯಾಗಿ ಬೆಳೆದು, 37 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಬೆಳವಣಿಗೆ ನಿಲ್ಲಿಸುವ ಯೀಸ್ಟಿನ ಅನೇಕ ವಿಕೃತ ತಳಿಗಳನ್ನು ಒಂದೊಂದಾಗಿ ಕಾಯಿಸಿ, ಅವುಗಳ ಆರ್.ಎನ್.ಎ.ಯನ್ನು ಪರೀಕ್ಷಿಸಲಾಯಿತು. ಕೆಲವು ತಳಿಗಳಲ್ಲಿ ಕತ್ತರಿಸದ ಉದ್ದ ನಕಲುಗಳು ರಾಶಿಬಿದ್ದಿದ್ದುವು: ಅಲ್ಲಿ ಮೊದಲನೆಯ ಹೆಜ್ಜೆಯೇ ಆಗಿಲ್ಲ. ಇನ್ನು ಕೆಲವುಗಳಲ್ಲಿ ಅರ್ಧಕ್ಕೆ ನಿಂತ ಜೀರುಕುಣಿಕೆಗಳು: ಅಲ್ಲಿ ಎರಡನೆಯ ಹೆಜ್ಜೆ ತಪ್ಪಿದೆ. ಹೀಗೆ ಪತ್ತೆಯಾದ ಜೀನುಗಳಿಗೆ ‘ಪಿ.ಆರ್.ಪಿ.’ ಎಂಬ ಹೆಸರಿನಡಿಯಲ್ಲಿ ಸಂಖ್ಯೆಗಳನ್ನು ಕೊಡಲಾಯಿತು.

ಬೆಂಗಳೂರಿಗೆ ಬಂದ ಮೇಲೆ ಅವರ ತಂಡವು ಎರಡನೆಯ ಹೆಜ್ಜೆಗೆ ಬೇಕಾದ ಪಿ.ಆರ್.ಪಿ. 17, ಎಸ್.ಎಲ್.ಯು. 7 ಮೊದಲಾದ ಅಂಗಗಳನ್ನು ಅಭ್ಯಾಸ ಮಾಡಿತು. ಅನಂತರ, ಇನ್ನೊಂದು ಬಗೆಯ ಯೀಸ್ಟನ್ನೂ ಕೈಗೆತ್ತಿಕೊಂಡಿತು. ಇದು ಮೊಗ್ಗೊಡೆಯದೆ ನಡುವೆ ಸೀಳಿಕೊಂಡು ಎರಡಾಗುವಂಥದು. ಇದರ ಜೀನುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇಂಟ್ರಾನ್‌ಗಳಿವೆ. ಗುರುತುಗಳೂ ನಮ್ಮ ಜೀನುಗಳಲ್ಲಿರುವಂತೆ ಸಡಿಲ. 2013ರಲ್ಲಿ ಪ್ರಕಟವಾದ ಫಲಿತಾಂಶ ಅನಿರೀಕ್ಷಿತವಾಗಿತ್ತು. ಮೊದಲ ಯೀಸ್ಟಿನಲ್ಲಿ ಎರಡನೆಯ ಹೆಜ್ಜೆಗೆ ಬೇಕಾಗಿದ್ದ ಎಸ್.ಎಲ್.ಯು. 7, ಈ ಯೀಸ್ಟಿನಲ್ಲಿ ಮೊದಲನೆಯ ಹೆಜ್ಜೆಗೂ ಮುಂಚೆಯೇ ಬೇಕು. ಅದೂ ಎಲ್ಲ ಇಂಟ್ರಾನ್‌ಗಳಿಗಲ್ಲ, ಕೆಲವಕ್ಕೆ ಮಾತ್ರ. ಅಂದಮೇಲೆ ಬೆಸುಗೆಯ ಯಂತ್ರವು ಎಲ್ಲ ನೂಲನ್ನೂ ಒಂದೇ ರೀತಿ ಕಾಣುವುದಿಲ್ಲ. ಇಂಟ್ರಾನಿನ ಸ್ವಭಾವವನ್ನು ನೋಡಿ ನಡೆದುಕೊಳ್ಳುತ್ತದೆ.

ಒಂದಕ್ಷರ ತಪ್ಪಿದರೆ

ಯೀಸ್ಟಿನ ಕಥೆಯಿಂದ ನಮಗೇನು ಎಂದು ಕೇಳುವವರಿಗೆ ಬೀಟಾ ಗ್ಲೋಬಿನ್ ಜೀನೇ ಉತ್ತರ ಕೊಡುತ್ತದೆ. ಅದರ ಮೊದಲನೆಯ ಇಂಟ್ರಾನಿನ ಐದನೆಯ ಅಕ್ಷರ ‘ಜಿ’. ಕೆಲವರಲ್ಲಿ ಅದು ‘ಸಿ’ ಆಗಿರುತ್ತದೆ. ಅಷ್ಟೇ ವ್ಯತ್ಯಾಸ. ಆ ಅಕ್ಷರ ಕೊನೆಗೆ ಕತ್ತರಿಸಿಹೋಗುವ ಭಾಗದ್ದು. ಪ್ರೋಟೀನಿನ ಬರಹದಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಆದರೂ ಗಡಿಕಲ್ಲು ಮಸುಕಾದುದರಿಂದ ಯಂತ್ರವು ದಾರಿ ತಪ್ಪಿ, ಹತ್ತಿರದ ಬೇರೆ ತಾಣಗಳಲ್ಲಿ ಕತ್ತರಿ ಹಾಕುತ್ತದೆ. ಸರಿಯಾದ ಆಜ್ಞೆಗಳು ತೀರ ಕಡಿಮೆಯಾಗುತ್ತವೆ. ತಂದೆ ತಾಯಿ ಇಬ್ಬರಿಂದಲೂ ಇಂತಹ ದೋಷವುಳ್ಳ ಜೀನು ಬಂದ ಮಗುವಿಗೆ ಥಲಸ್ಸೀಮಿಯಾ ಎಂಬ ರೋಗ ಉಂಟಾಗುತ್ತದೆ. ಮಗುವು ಹುಟ್ಟಿದ ಕೆಲವು ತಿಂಗಳಲ್ಲಿಯೇ ಬಿಳಿಚಿಕೊಂಡು, ಬೆಳವಣಿಗೆ ಕುಂಠಿತವಾಗುತ್ತದೆ. ಎರಡು ಮೂರು ವಾರಗಳಿಗೊಮ್ಮೆ ಬೇರೆಯವರ ರಕ್ತವನ್ನು ಕೊಡಬೇಕು. ಹಾಗೆ ಬಂದ ರಕ್ತದ ಕಬ್ಬಿಣವು ಹೃದಯ, ಯಕೃತ್ತುಗಳಲ್ಲಿ ಶೇಖರವಾಗದಂತೆ ಔಷಧವನ್ನೂ ಕೊಡಬೇಕು. ಇದು ಜೀವನಪರ್ಯಂತದ ಕೆಲಸ. ಭಾರತದಲ್ಲಿ ಈ ರೋಗಕ್ಕೆ ಕಾರಣವಾದ ಜೀನುದೋಷಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಈ ಐದನೆಯ ಅಕ್ಷರದ ತಪ್ಪೇ.

ಒಂದು ದೋಷವುಳ್ಳ ಜೀನು, ಒಂದು ಸರಿಯಾದ ಜೀನು ಇರುವವರು ವಾಹಕರು. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಹೀಗಿದ್ದಾರೆಂದು ಅಂದಾಜು. ಅವರು ಸಾಮಾನ್ಯವಾಗಿ ಆರೋಗ್ಯವಂತರೇ ಆಗಿರುವುದರಿಂದ ತಾವು ವಾಹಕರೆಂಬುದು ಅವರಿಗೇ ತಿಳಿದಿರುವುದಿಲ್ಲ. ವಾಹಕರಿಬ್ಬರು ಮದುವೆಯಾದರೆ, ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಸೋದರಮಾವ, ಅತ್ತೆಯ ಮಗ ಎಂದು ಬಳಗದಲ್ಲಿಯೇ ಹೆಣ್ಣು ಕೊಟ್ಟು ತರುವ ವಾಡಿಕೆಯುಳ್ಳ ನಮ್ಮ ಕಡೆ, ಒಂದೇ ಅಜ್ಜನಿಂದ ಬಂದ ದೋಷ ಇಬ್ಬರಲ್ಲಿಯೂ ಇರುವ ಸಂಭವ ಇನ್ನೂ ಹೆಚ್ಚು. ರಕ್ತಕಣಗಳ ಎಣಿಕೆ ಮತ್ತು ‘ಹೀಮೋಗ್ಲೋಬಿನ್ ಎ-2’ ಎಂಬುದರ ಪ್ರಮಾಣ, ಇವೆರಡರ ಪರೀಕ್ಷೆಯಿಂದ ವಾಹಕರನ್ನು ಬಹುಮಟ್ಟಿಗೆ ಗುರುತಿಸಬಹುದು. ಮದುವೆಗೆ ಮುಂಚೆ ಜಾತಕವನ್ನು ನೋಡುವವರು ಈ ಪರೀಕ್ಷೆಯನ್ನೂ ಒಮ್ಮೆ ಮಾಡಿಸುವುದು ಮೇಲು.

ಕುಡಿಯಲ್ಲಿ ಕಾದಿರುವ ಕೋಶಗಳು

ಇನ್ನು ಕಬ್ಬಿನ ಕಣ್ಣಿಗೆ ಹಿಂದಿರುಗೋಣ. ಸಸ್ಯದ ಕುಡಿಯಲ್ಲಿರುವ ಆಕರಕೋಶಗಳು ಸದಾ ವಿಭಜಿಸುತ್ತವೆ. ಒಂದಷ್ಟು ಮರಿಕೋಶಗಳು ಎಲೆ, ಕಾಂಡ, ಹೂಗಳಾಗಲು ಹೊರಡುತ್ತವೆ. ಒಂದಷ್ಟು ಆಕರಕೋಶಗಳಾಗಿಯೇ ಉಳಿಯುತ್ತವೆ. ಎಲ್ಲವೂ ಹೊರಟುಹೋದರೆ ಬೆಳವಣಿಗೆ ನಿಲ್ಲುತ್ತದೆ. ಯಾವುದೂ ಹೊರಡದಿದ್ದರೆ ಎಲೆಯೂ ಇಲ್ಲ, ಹೂವೂ ಇಲ್ಲ. ಈ ಸಮತೋಲವನ್ನು ಕಾಯುವ ಜೀನುಗಳು ಯಾವುವು?

ಕಬ್ಬಿನ ಹತ್ತಿರದ ಬಂಧುವಾದ ಭತ್ತದಲ್ಲಿ ವಿಜಯರಾಘವನ್ ಅವರ ತಂಡವು ಈ ಪ್ರಶ್ನೆಯನ್ನು ಕೈಗೊಂಡಿತು. 2008ರಲ್ಲಿ ಅವರು ವರದಿ ಮಾಡಿದಂತೆ, ಆರ್.ಎಫ್.ಎಲ್. ಎಂಬ ಜೀನಿನ ಕ್ರಿಯೆಯನ್ನು ಕುಂದಿಸಿದರೆ ಭತ್ತ ತಡವಾಗಿ ಹೂಬಿಡುತ್ತದೆ, ತೆಂಡೆಗಳೂ ಕಡಿಮೆಯಾಗುತ್ತವೆ. ತೆಂಡೆ ಕಡಿಮೆಯಾದರೆ ತೆನೆ ಕಡಿಮೆಯೆಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಮುಂಚೆ, 2005ರಲ್ಲಿ, ‘ಓ.ಎಸ್.-ಮ್ಯಾಡ್ಸ್ 1’ ಎಂಬ ಇನ್ನೊಂದು ಜೀನಿನ ಕೆಲಸವನ್ನು ವಿವರಿಸಿದ್ದರು. ಕಾಳನ್ನು ಮುಚ್ಚುವ ಹೊಟ್ಟಿನ ಎರಡು ಸಿಪ್ಪೆಗಳೂ, ಹೂವಿನ ಒಳಗಿನ ಅಂಗಗಳೂ ಕ್ರಮವಾಗಿ ರೂಪುಗೊಳ್ಳಲು ಈ ಜೀನು ಬೇಕು. ಹೂವಿನ ಕುಡಿಯು ಎಲ್ಲ ಅಂಗಗಳನ್ನೂ ಹುಟ್ಟಿಸಿದ ಮೇಲೆ ತನ್ನ ಕೆಲಸವನ್ನು ನಿಲ್ಲಿಸಬೇಕಷ್ಟೆ. ಹಾಗೆ ನಿಲ್ಲಿಸುವುದರಲ್ಲಿಯೂ ಇದರ ಪಾತ್ರವಿದೆ.

ಪ್ರಾಣಿಗಳಲ್ಲಿಯೂ ಆಕರಕೋಶಗಳುಂಟು. ಭ್ರೂಣದ ಆರಂಭದಲ್ಲಿರುವ ಕೋಶಗಳು ದೇಹದ ಯಾವ ಕೋಶವಾದರೂ ಆಗಬಲ್ಲುವು. ಬೆಳೆದವರ ಮೂಳೆಯ ಮಜ್ಜೆಯಲ್ಲಿರುವುವು ರಕ್ತದ ಕೋಶಗಳನ್ನು ಮಾತ್ರ ಹುಟ್ಟಿಸುತ್ತವೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳು. ಆದುದರಿಂದ ಮಜ್ಜೆಯು ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ಒದಗಿಸುತ್ತಿರಬೇಕಾಗುತ್ತದೆ.

ಬೆಸುಗೆ ಮತ್ತು ಆಕರಕೋಶಗಳು ಒಂದನ್ನೊಂದು ಸಂಧಿಸುವುದು ಇಲ್ಲಿಯೇ. ನಮ್ಮ ಜೀನುಗಳಲ್ಲಿ ಬಹುಪಾಲಿನವನ್ನು ಒಂದಕ್ಕಿಂತ ಹೆಚ್ಚು ರೀತಿಗಳಲ್ಲಿ ಕತ್ತರಿಸಿ ಬೆಸೆಯಬಹುದು. ಒಂದೇ ಜೀನಿನಿಂದ ಹಲವು ಪ್ರೋಟೀನುಗಳಾಗುತ್ತವೆ. 2011ರಲ್ಲಿ ಕೆನಡದ ಟೊರಾಂಟೋದಲ್ಲಿ ಬೆಂಜಮಿನ್ ಬ್ಲೆಂಕೋ ಅವರ ತಂಡವು ‘ಫಾಕ್ಸ್-ಪಿ 1’ ಎಂಬ ಜೀನಿನಲ್ಲಿ ಇದನ್ನು ತೋರಿಸಿತು. ಭ್ರೂಣದ ಆಕರಕೋಶದಲ್ಲಿ ಈ ಜೀನಿನ ನಕಲಿಗೆ ಒಂದು ಬೇರೆ ಎಕ್ಸಾನ್ ಸೇರುತ್ತದೆ. ಅದರಿಂದಾದ ಪ್ರೋಟೀನು ಕೋಶವನ್ನು ಆಕರಕೋಶವಾಗಿಯೇ ಇರಿಸಲು ನೆರವಾಗುತ್ತದೆ. ಕೋಶವು ಬೆಳೆದು ಬೇರೆಯಾಗಲು ಹೊರಟಾಗ ಆ ಎಕ್ಸಾನನ್ನು ಬಿಟ್ಟು ಬೆಸುಗೆ ನಡೆಯುತ್ತದೆ. ಬರಹ ಬದಲಾಗಲಿಲ್ಲ, ಕತ್ತರಿ ಮಾತ್ರ ಸ್ಥಳ ಬದಲಿಸಿತು.

ಕಸವಲ್ಲದ ಕಸ

ಲೇಖನದ ಆರಂಭದಲ್ಲಿ ಕೊಟ್ಟ ನೂಲಿನ ಹೋಲಿಕೆಯನ್ನು ಈಗ ತಿದ್ದಬೇಕಾಗಿದೆ. ಗಿರಣಿಯಲ್ಲಿ ಕತ್ತರಿಸಿಹೋದದ್ದು ಕಸ. ಜೀವಕೋಶದಲ್ಲಿ ಹಾಗಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದ ಎಂ. ಆರ್. ಎಸ್. ರಾವ್ (1948–2023) ಅವರೂ ಸಂಗಡಿಗರೂ 2004ರಲ್ಲಿ ಇಲಿಯ ಜೀನೊಂದರ 15ನೆಯ ಇಂಟ್ರಾನಿನೊಳಗೆ, ಪ್ರೋಟೀನನ್ನು ಮಾಡದೆಯೇ ಕೆಲಸ ಮಾಡುವ ಒಂದು ಆರ್.ಎನ್.ಎ.ಯನ್ನು ಕಂಡುಹಿಡಿದರು. ವೀರ್ಯಾಣುಗಳಿಗೆ ಮೂಲವಾದ ಕೋಶಗಳಲ್ಲಿ ಇದು ಒಂದು ಮುಖ್ಯ ಸಂಜ್ಞಾಕ್ರಮವನ್ನು ಹತೋಟಿಯಲ್ಲಿಡುತ್ತದೆಂದು ಮುಂದೆ ಅವರೇ ತೋರಿಸಿದರು.

ಥಲಸ್ಸೀಮಿಯಾದ ಹೊಸ ಚಿಕಿತ್ಸೆಯೂ ಇದೇ ಪಾಠವನ್ನು ಹೇಳುತ್ತದೆ. ಹೊಂದುವ ದಾನಿಯಿಂದ ಮಜ್ಜೆಯ ಆಕರಕೋಶಗಳನ್ನು ತಂದು ಕಸಿಮಾಡುವುದು ಬಹುಕಾಲದಿಂದ ನಡೆದುಬಂದ ಚಿಕಿತ್ಸೆ. ಆದರೆ ಒಡಹುಟ್ಟಿದವರಲ್ಲಿಯೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲೊಂದು. ಆದುದರಿಂದ ರೋಗಿಯ ಸ್ವಂತ ಆಕರಕೋಶಗಳನ್ನೇ ಹೊರತೆಗೆದು ತಿದ್ದುವ ಕ್ರಮವೊಂದು ಬಂದಿದೆ. ನಾವೆಲ್ಲರೂ ತಾಯಿಯ ಗರ್ಭದಲ್ಲಿದ್ದಾಗ ಬೇರೆ ಬಗೆಯ ಹೀಮೋಗ್ಲೋಬಿನ್ ಉಳ್ಳವರಾಗಿದ್ದೆವು. ಹುಟ್ಟಿದ ಮೇಲೆ ‘ಬಿ.ಸಿ.ಎಲ್. 11 ಎ’ ಎಂಬ ಜೀನು ಅದನ್ನು ಅಡಗಿಸುತ್ತದೆ. ರಕ್ತಕಣಗಳಲ್ಲಿ ಈ ಜೀನನ್ನು ಚುರುಕುಗೊಳಿಸುವ ಕೀಲಿಯು ಇರುವುದು ಆ ಜೀನಿನದೇ ಒಂದು ಇಂಟ್ರಾನಿನಲ್ಲಿ! ಆ ಕೀಲಿಯನ್ನು ಕ್ರಿಸ್ಪರ್ ಎಂಬ ವಿಧಾನದಿಂದ ಮುರಿದು ಕೋಶಗಳನ್ನು ರೋಗಿಗೆ ಹಿಂದಿರುಗಿಸಿದರೆ, ಹಳೆಯ ಹೀಮೋಗ್ಲೋಬಿನ್ ಮತ್ತೆ ತಯಾರಾಗಿ ಬೀಟಾ ಗ್ಲೋಬಿನ್ನಿನ ಕೊರತೆಯನ್ನು ತುಂಬುತ್ತದೆ. ಈ ಚಿಕಿತ್ಸೆಗೆ ಬ್ರಿಟನ್ನಿನಲ್ಲಿ 2023ರ ನವೆಂಬರಿನಲ್ಲಿ ಅನುಮತಿ ದೊರೆಯಿತು. ಅಮೆರಿಕದಲ್ಲಿ ಥಲಸ್ಸೀಮಿಯಾಕ್ಕೆ 2024ರ ಜನವರಿಯಲ್ಲಿ. ಅಲ್ಲಿ ಇದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರುಗಳು. ಜೊತೆಗೆ, ಹಳೆಯ ಮಜ್ಜೆಯನ್ನು ಮೊದಲು ತೀಕ್ಷ್ಣವಾದ ಔಷಧದಿಂದ ನಾಶಮಾಡಬೇಕಾದುದರಿಂದ ಅಪಾಯವೂ ಕಷ್ಟವೂ ಉಂಟು.

ಕತ್ತರಿಯನ್ನೇ ಸರಿದಾರಿಗೆ ತರುವ ಔಷಧಗಳೂ ಬಂದಿವೆ. ಬೆನ್ನುಹುರಿಯ ನರಕೋಶಗಳು ನಶಿಸಿ ಶಿಶುಗಳ ಸ್ನಾಯುಗಳು ಸೊರಗುವ ಒಂದು ರೋಗಕ್ಕೆ, ಬೆಸುಗೆಯಲ್ಲಿ ಬಿಟ್ಟುಹೋಗುವ ಎಕ್ಸಾನನ್ನು ಮತ್ತೆ ಸೇರಿಸುವ ನುಸಿನರ್ಸೆನ್ ಎಂಬ ಔಷಧವು 2016ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

ಯೀಸ್ಟಿನ ತಳಿಗಳನ್ನು ಕಾಯಿಸಿ ನೋಡಿದವರ ಮುಂದೆ ಆಗ ಯಾವ ರೋಗಿಯೂ ಇರಲಿಲ್ಲ. ಬೆಸುಗೆ ಹೇಗೆ ಆಗುತ್ತದೆಂಬ ಪ್ರಶ್ನೆ ಮಾತ್ರ ಇತ್ತು. ಆದರೆ ಐದನೆಯ ಅಕ್ಷರ ತಪ್ಪಿದರೆ ಮಗುವೇಕೆ ಬಿಳಿಚಿಕೊಳ್ಳುತ್ತದೆಂದು ಇಂದು ನಾವು ವಿವರಿಸಬಲ್ಲೆವಾದರೆ, ಅಂತಹ ಪ್ರಶ್ನೆಗಳನ್ನು ಕೇಳಿದವರಿಂದಲೇ. ಲಕ್ಷಾಂತರ ಡಾಲರುಗಳ ಚಿಕಿತ್ಸೆಯು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಬಡ ರೈತನ ಮನೆಗೆ ಎಟುಕುವಂತೆ ಮಾಡುವುದು ಇನ್ನೂ ಉಳಿದಿರುವ ಕೆಲಸ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅದನ್ನು ಮುಂದುವರಿಸಲಿ. ಅದುವರೆಗೆ, ಸ್ವಲ್ಪ ರಕ್ತದ ಪರೀಕ್ಷೆಯಿಂದ ತಿಳಿಯಬಹುದಾದುದನ್ನು ತಿಳಿದುಕೊಳ್ಳುವುದು ನಮ್ಮ ನಿಮ್ಮೆಲ್ಲರ ಕೈಯಲ್ಲಿಯೇ ಇದೆ.